ಫಾರಿನ್‌ಗೆ ಹೊರಟಿದ್ದೀವಿ, ಮಕ್ಕಳಿಗೆ ಯಾವ ಸಾಲಿ?

ಪುಣೆಯ ವಾಕಡ್, ಹಿಂಜವಡಿ ಕಡೆಯ ನಮ್ಮ ಕನ್ನಡದವರಲ್ಲಿ ವರ್ಷಕ್ಕೆ ಒಂದು ಮನೆಯವರಾದರೂ ಆನ್‌ಸೈಟ್ ಅಂತ, ಅಂದರೆ ಕಂಪನಿ ಕೆಲಸದ ಮೇಲೆ ಫಾರಿನ್‌ಗೆ, ಹೊರಡುತ್ತಾರೆ. ವೀಸಾ ಕೈಗೆ ಬರುವ ಮೊದಲೇ ನನಗೆ ಫೋನ್. "ಅಕ್ಕಾ, ನೀವು ಎರಡು ವರ್ಷ ಇಂಗ್ಲೆಂಡಿನಾಗ ಇದ್ದು ಬಂದೀರಿ. ಅಲ್ಲಿ ಯಾವ ಸಾಲಿ ಛಲೋ?"

ನಾನು ತಿರುಗಿ ಕೇಳುವುದು ಒಂದೇ. ವಾಪಸ್ ಯಾವಾಗ? ಆಗ ಮಗು ಎಷ್ಟನೇ ಕ್ಲಾಸು?

ನಾವು ಹೊರಟಾಗ ಇದನ್ನು ಯೋಚಿಸಲೇ ಇಲ್ಲ. ಇಲ್ಲೇ ಸೋಫಾ ಮೇಲೆ ಕೂತು ಶಾಲೆಗಳ ರೇಟಿಂಗ್ ನೋಡಿದೆವು. ಆಗ ಅಲ್ಲಿನ ತಪಾಸಣೆ ಸಂಸ್ಥೆ ಆಫ್‌ಸ್ಟೆಡ್ ಇಡೀ ಶಾಲೆಯ ಹಣೆಬರಹವನ್ನು ಒಂದೇ ಪದದಲ್ಲಿ ಬರೆಯುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಸರಕಾರಿ ಶಾಲೆಗಳಿಗೆ ಅದನ್ನು ಕೈಬಿಟ್ಟರು, ಒಳ್ಳೆಯದೇ ಆಯಿತು. 'ಔಟ್‌ಸ್ಟ್ಯಾಂಡಿಂಗ್' ಅಂತಿದ್ದ ಒಂದು ಶಾಲೆಯ ಪಕ್ಕದಲ್ಲೇ ಜಾಸ್ತಿ ಬಾಡಿಗೆ ಕೊಟ್ಟು ಮನೆ ಹಿಡಿದೆವು. ಹೋಗಿ ಕೇಳಿದರೆ ಸೀಟೇ ಇಲ್ಲ. ಅಲ್ಲಿ ಏಳು ವರ್ಷದವರೆಗಿನ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರಿಗೆ 30 ಮಕ್ಕಳು ಅಂತ ಕಾನೂನೇ ಇದೆ. ಡೊನೇಷನ್, ವಶೀಲಿ ಯಾವುದೂ ನಡೆಯುವುದಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ, ಮೈಲಿ ದೂರದ ಸಾಧಾರಣ ಶಾಲೆಗೆ ಸೇರಿಸಿದೆವು. ಫೀಸು ಇಲ್ಲ. ಆ ಶಾಲೆಯೇ ಮಗನಿಗೆ ಹಿಡಿಸಿತು. ಕೊನೆಗೆ ಪಕ್ಕದ ಶಾಲೆಯಲ್ಲಿ ಸೀಟು ಸಿಕ್ಕಾಗ ಅವನೇ ಬೇಡವೆಂದ.

ಕ್ಲಾಸಿನ ಲೆಕ್ಕವೂ ಅಲ್ಲಿ ಬೇರೆ. ಏನು ಓದಿದ್ದಾನೆ ಅಂತ ಕೇಳುವುದಿಲ್ಲ, ವಯಸ್ಸು ನೋಡಿ ಕೂರಿಸುತ್ತಾರೆ. ಐದು ತುಂಬಿದವರು ಇಯರ್ ಒನ್. ಇಲ್ಲಿ ಒಂದನೇ ಕ್ಲಾಸ್ ಮುಗಿಸಿ ಹೋದ ಮಗ, ಏಳು ತುಂಬಿದ್ದರಿಂದ, ಸೆಪ್ಟೆಂಬರಿಗೆ ಇಯರ್ ತ್ರೀಯಲ್ಲಿದ್ದ. ಧಾರವಾಡದಲ್ಲಿ ಅವನ ಅಜ್ಜ ಡಬಲ್ ಪ್ರಮೋಷನ್ ಅಂತ ಓಣಿಗೆಲ್ಲ ಪೇಡೆ ಹಂಚಿಬಿಟ್ಟಿದ್ದರು.

ಅಡ್ಮಿಷನ್ ಫಾರಂನಲ್ಲಿ ಮಗುವಿನ ಮೊದಲ ಭಾಷೆ ಯಾವುದು ಅಂತ ಕೇಳುತ್ತಾರೆ. ನಾನು ಜಂಬದಿಂದ 'ಇಂಗ್ಲಿಷ್' ಅಂತ ಬರೆದಿದ್ದೆ. ವಾರ ಕಳೆದ ಮೇಲೆ ಟೀಚರ್ ಕರೆದು, ಅವನು ಬಿದ್ದು ಅಳುವಾಗ ಯಾವ ಭಾಷೆಯಲ್ಲಿ ಅಳುತ್ತಾನೆ ಅಂತ ಕೇಳಿದರು. 'ಅವ್ವಾ' ಅಂತ ಅಳುವ ಹುಡುಗ! ಕನ್ನಡ ಅಂತ ತಿದ್ದಿದೆ. ನಾಚಿಕೆಯಾಯಿತು. ಆಮೇಲೆ ಅವನಿಗೆ ಓದಿನಲ್ಲಿ ಸ್ವಲ್ಪ ಹೆಚ್ಚಿನ ಸಹಾಯ ಸಿಕ್ಕಿತು. ಸುಳ್ಳು ಬರೆಯಬೇಡಿ, ನಷ್ಟ ಮಗುವಿಗೇ.

ದುಬೈಗೆ ಹೋಗುವವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಅಲ್ಲಿ ಸಿಬಿಎಸ್‌ಇ ಶಾಲೆಗಳಿವೆ, ಏಪ್ರಿಲ್‌ನಲ್ಲೇ ಶುರುವಾಗುತ್ತವೆ, ವಾಪಸ್ ಬರುವುದೂ ಸುಲಭ. ಫೀಸಿನ ಜತೆ ಬಸ್ಸಿನ ಖರ್ಚನ್ನೂ ಕೇಳಿಕೊಳ್ಳಿ, ಅಷ್ಟೇ. ಚಾಕಣದ ಕಾರು ಕಾರ್ಖಾನೆಗಳಿಂದ ಜರ್ಮನಿಗೆ ಹೋಗುವವರಿಗೆ ಮಾತ್ರ ಗಾಬರಿಪಡಿಸಿಯೇ ಕಳಿಸುತ್ತೇನೆ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ. ಬರ್ಲಿನ್, ಬ್ರಾಂಡನ್‌ಬುರ್ಗ್‌ಗಳಲ್ಲಿ ಆರರ ನಂತರ. ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಹೋದರೆ ಜರ್ಮನ್ ಕಲಿಯಲು ಎಷ್ಟು ಸಮಯ ಉಳಿಯಿತು, ನೀವೇ ಎಣಿಸಿ.

ಎಂಟನೇ ಕ್ಲಾಸ್ ಮುಗಿಸಿದ ಮಗು ಮನೆಯಲ್ಲಿದ್ದು, ಬರೀ ಎರಡು ವರ್ಷದ ಕೆಲಸವಾದರೆ? ನನ್ನನ್ನು ಕೇಳಿದರೆ ಅಪ್ಪ ಒಬ್ಬರೇ ಹೋಗಿ ಬರಲಿ. ಸಿಬಿಎಸ್‌ಇಯಲ್ಲಿ ಹತ್ತನೇ ಬೋರ್ಡ್ ಪರೀಕ್ಷೆಗೆ ಒಂಬತ್ತನೇ ಕ್ಲಾಸಿಗೇ ಹೆಸರು ನೋಂದಣಿ. ನೇರ ಹತ್ತಕ್ಕೆ ಸೇರಿಸುವುದು ತಲೆನೋವು.

ಇಂಗ್ಲಿಷ್ ಬರುತ್ತೋ ಇಲ್ಲವೋ ಅಂತ ಎಲ್ಲರೂ ಕೇಳುತ್ತಾರೆ. ಮರಾಠಿ ಬಗ್ಗೆ ಇವತ್ತಿನವರೆಗೆ ಯಾರೂ ಕೇಳಿಲ್ಲ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನಂತೆ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. 2020-21ರಲ್ಲಿ ಒಂದು ಮತ್ತು ಆರನೇ ಕ್ಲಾಸಿನಿಂದ ಶುರುಮಾಡಿ ವರ್ಷವರ್ಷ ಮೇಲಕ್ಕೆ ಒಯ್ದರು. ನಮ್ಮವನು ವಾಪಸ್ ಬಂದು ನಾಲ್ಕನೇ ಕ್ಲಾಸಿಗೆ ಕೂತಾಗ ಎರಡು ವರ್ಷದ ಮರಾಠಿ ಖಾಲಿ. ಜೋಡಕ್ಷರ ಒಂದೂ ನೆನಪಿರಲಿಲ್ಲ. ಇಂಗ್ಲೆಂಡಿನಲ್ಲಿ ದಿನಾ ಅರ್ಧ ಗಂಟೆ ಬಾಲಭಾರತಿ, ಅಂದರೆ ಇಲ್ಲಿನ ಮರಾಠಿ ಪಠ್ಯಪುಸ್ತಕ, ತೆರೆದಿದ್ದರೆ ಸಾಕಿತ್ತು. ತೂಕ ಜಾಸ್ತಿಯಾಗುತ್ತೆ ಅಂತ ಅದನ್ನೇ ಬ್ಯಾಗಿನಿಂದ ತೆಗೆದವಳು ನಾನು.

ಕೆಳಗಿನ ಮನೆಯ ಜೋಶಿ ಕಾಕು ಆರು ತಿಂಗಳು ಸಂಜೆ ಕೂರಿಸಿಕೊಂಡು ಪಾಠ ಹೇಳಿದರು. ಮೊದಲ ದಿನ 'ಬಾಳ', 'ಫಳಾ' ಅಂತ ಓದಿಸಿ, ಇವನ 'ಳ' ಎಷ್ಟು ಚೆನ್ನಾಗಿದೆ ಅಂದರಂತೆ. ಅದೊಂದು ಅಕ್ಷರ ಮನೆಯಲ್ಲೇ ಉಳಿದಿತ್ತು.