ಒಂದು ಕಣ್ಣು ಜಾರಿತೆಂದು ಇಡೀ ಸ್ವೆಟರ್ ಬಿಚ್ಚಬೇಡಿ

ಹೆಣೆಯುವಾಗ ಕಣ್ಣು, ಅಂದರೆ ಕಡ್ಡಿಯ ಮೇಲಿನ ನೂಲಿನ ಕುಣಿಕೆ, ಜಾರಿದ ಕೂಡಲೇ ಅದಕ್ಕೊಂದು ಸೇಫ್ಟಿ ಪಿನ್ ಸಿಕ್ಕಿಸಿ. ಆಮೇಲೆ ಯೋಚನೆ. ಚಳ್ಳಕೆರೆ ಕಂಬಳಿಯ ಕುರಿಯುಣ್ಣೆ ಒರಟು, ಎಳೆಗೆ ಎಳೆ ಕಚ್ಚಿಕೊಂಡು ನಿಲ್ಲುತ್ತದೆ. ದಾವಣಗೆರೆ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವ ಅಗ್ಗದ ಉಂಡೆ ಬಹುಮಟ್ಟಿಗೆ ಅಕ್ರಿಲಿಕ್ ಎಂಬ ಕೃತಕ ನೂಲು. ನುಣುಪು, ಮುಟ್ಟಿದರೆ ಇನ್ನೂ ನಾಲ್ಕು ಸಾಲು ಇಳಿಯುತ್ತದೆ.

ಜಾರಿದ ಕಣ್ಣಿನ ಮೇಲೆ ಏಣಿಯ ಹಾಗೆ ಅಡ್ಡ ಎಳೆಗಳಿರುತ್ತವೆ. ಎಷ್ಟು ಮೆಟ್ಟಿಲೋ ಅಷ್ಟು ಸಾಲು ಇಳಿದಿದೆ. ಸೀದಾ ಮುಖ (V ಗುರುತು ಕಾಣುವ ನುಣುಪು ಬದಿ) ನಿಮ್ಮ ಕಡೆ ಇರಲಿ. ಕ್ರೋಶಾ ಕಡ್ಡಿಯನ್ನು ಕಣ್ಣಿನೊಳಗೆ ಮುಂದಿನಿಂದ ತೂರಿಸಿ, ತೀರಾ ಕೆಳಗಿನ ಮೆಟ್ಟಿಲನ್ನು ಕೊಕ್ಕೆಗೆ ಸಿಕ್ಕಿಸಿ ಮುಂದಕ್ಕೆಳೆಯಿರಿ. ಹಾಗೇ ಒಂದೊಂದಾಗಿ ಮೇಲಕ್ಕೆ. ನಡುವೆ ಒಂದು ತಪ್ಪಿದರೆ ಹಿಂದೆ ಎಳೆ ಜೋತಾಡುತ್ತದೆ. ಎಲ್ಲ ಸಾಲೂ ಸೀದಾ (ನೂಲು ಹಿಂದಿಟ್ಟು) ಹೆಣೆದ ಬಟ್ಟೆಯಾದರೆ ಒಂದು ಸಾಲು ಮುಂದಿನಿಂದ, ಅದರ ಮೇಲಿನದು ಹಿಂದಿನಿಂದ.

ಎಡಗೈ ಕಡ್ಡಿಗೆ ಏರಿಸುವಾಗ ಕಣ್ಣಿನ ಬಲಗಾಲು (ಕುಣಿಕೆಯ ಬಲಬದಿಯ ಎಳೆ) ಕಡ್ಡಿಯ ಮುಂದೆ ಬರಬೇಕು. ಎಡಗಾಲು ಮುಂದಿದ್ದರೆ, ಹೆಣೆದ ಮೇಲೆ ಬುಡದಲ್ಲಿ ಕತ್ತರಿಯಂತೆ ಅಡ್ಡಬೀಳುತ್ತದೆ. ತಿರುಗಿಸಿ ಹಾಕಲು ಬೇಸರವೇ? ಹಿಂದಿನ ಕಾಲಿಗೆ ಕಡ್ಡಿ ಹಾಕಿ ಹೆಣೆಯಿರಿ, ತಾನೇ ನೆಟ್ಟಗಾಗುತ್ತದೆ.

40 ಕಣ್ಣು ಹಾಕಿದ್ದು 43 ಆಗಿದೆಯೇ? ಮೊದಲು ಅಂಚು ನೋಡಿ. ಸೀದಾ ಸಾಲು ಶುರುಮಾಡುವಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕಣ್ಣು ಮೇಲೆದ್ದು ಎರಡಾಗಿ ಕಾಣುತ್ತದೆ. ಎರಡಕ್ಕೂ ಕಡ್ಡಿ ಹಾಕಿದಿರೋ, ಒಂದು ಹೆಚ್ಚಿತು. ನೂಲು ಕಡ್ಡಿಯ ಕೆಳಗಿನಿಂದಲೇ ಹೋಗಲಿ. ನಡುವೆ ತೂತು ಕಂಡರೆ, ಉಲ್ಟಾದಿಂದ (ನೂಲು ಮುಂದಿಟ್ಟು ಹೆಣೆಯುವುದು) ಸೀದಾಕ್ಕೆ ಬರುವಾಗ ನೂಲು ಮುಂದೆಯೇ ಉಳಿದು, ಕಡ್ಡಿಗೆ ಒಂದು ಸುತ್ತು ಹೆಚ್ಚು ಬಿದ್ದಿದೆ ಎಂದರ್ಥ. ಆ ಸುತ್ತನ್ನು ಮುಂದಿನ ಸಾಲಿನಲ್ಲಿ ಕಡ್ಡಿಯಿಂದ ಬಿಟ್ಟುಬಿಡಿ. ಸಡಿಲವನ್ನು ಕಡ್ಡಿತುದಿಯಿಂದ ಅಕ್ಕಪಕ್ಕದ ಕಣ್ಣುಗಳಿಗೆ ಹಂಚಿ.

ಹಾಲು ಉಕ್ಕಿತೆಂದು ಸಾಲಿನ ನಡುವೆ ಎದ್ದುಹೋದವರು ಒಂದು ನೆನಪಿಡಿ: ಮತ್ತೆ ಕೂತಾಗ ಉಂಡೆಗೆ ಹೋಗುವ ನೂಲು ಬಲಗೈ ಕಡ್ಡಿಯಿಂದ ಇಳಿದಿರಬೇಕು. ಎಡಗೈಯಲ್ಲಿದ್ದರೆ ತಿರುಗಿಸಿ ಹಿಡಿದಿದ್ದೀರಿ.

ಇನ್ನು ಬಿಗಿ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಬೆವರಿದ ಬೆರಳಿಗೆ ನೂಲು ಅಂಟುತ್ತದೆ, ಹೆಣಿಗೆ ಬಿಗಿಯುತ್ತದೆ. ಬೆನ್ನನ್ನು ಚಳಿಯಲ್ಲಿ, ಮುಂಭಾಗವನ್ನು ಸೆಕೆಯಲ್ಲಿ ಹೆಣೆದರೆ ಎರಡೂ ಹೊಂದದೇ ಹೋಗಬಹುದು. 10 ಸೆಂ.ಮೀ.ಗೆ 22 ಕಣ್ಣಿದ್ದರೆ 88 ಕಣ್ಣಿನ ಅಗಲ 40 ಸೆಂ.ಮೀ.; 24 ಆದರೆ 37ಕ್ಕೂ ಕಡಿಮೆ. ಒಂದು ನಂಬರ್ ದಪ್ಪ ಕಡ್ಡಿ ಹಿಡಿಯಿರಿ. ಇಸ್ತ್ರಿಯಿಂದ ಹಿಗ್ಗಿಸುವ ಉಪಾಯ ಬೇಡವೇ ಬೇಡ: ಬಿಸಿ ತಗುಲಿದ ಅಕ್ರಿಲಿಕ್ ಜೋಲುಬೀಳುತ್ತದೆ, ಅದನ್ನು ಬಿಚ್ಚಿ ಹೆಣೆದರೂ ಮೊದಲಿನಂತಾಗದು.