ಮೊದಲು ಟೈಮ್ ಹೇಳಿ, ಆಮೇಲೆ ಕಥೆ

ಧಾರಾವಾಹಿ ಕಥೆ ಹಿಡಿದುಕೊಂಡು ನಮ್ಮ ಚಾನೆಲ್ಲಿಗೆ ಬರುವವರು ನನ್ನ ಮೊದಲ ಪ್ರಶ್ನೆಗೇ ಸ್ವಲ್ಪ ಪೆಚ್ಚಾಗುತ್ತಾರೆ. ನಾಯಕಿ ಯಾರು, ವಿಲನ್ ಯಾರು ಅಂತ ಕೇಳುತ್ತೇನೆ ಅಂದುಕೊಂಡಿರುತ್ತಾರೆ. ನಾನು ಕೇಳುವುದು ಇಷ್ಟೇ: "ಇದು ಎಷ್ಟು ಗಂಟೆಗೆ ಬರಬೇಕು ಅಂತ ನಿಮ್ಮ ಮನಸ್ಸಲ್ಲಿದೆ?"

"ಅದನ್ನ ನೀವೇ ಅಲ್ವಾ ಮೇಡಂ ತೀರ್ಮಾನ ಮಾಡೋದು?" ಅನ್ನುತ್ತಾರೆ.

ಹೌದು, ನಾವೇ. ಆದರೆ ಆರೂವರೆಯ ಮನೆಯೇ ಬೇರೆ, ಒಂಬತ್ತೂವರೆಯ ಮನೆಯೇ ಬೇರೆ. ಆರೂವರೆಗೆ ದೇವರ ದೀಪ ಹಚ್ಚಿ ಆಗಿರುತ್ತದೆ, ಮಕ್ಕಳು ಹೋಂವರ್ಕ್ ಮುಂದೆ ಕೂತು ಆಕಳಿಸುತ್ತಿರುತ್ತಾರೆ. ಏಳೂವರೆಗೆ ಕುಕ್ಕರ್ ಕೂಗುತ್ತಿರುತ್ತದೆ. ಒಂಬತ್ತರ ಮೇಲೆ ಗಂಡಸರೂ ತಟ್ಟೆ ಹಿಡಿದು ಕೂರುತ್ತಾರೆ. "ಏನಿದೆ ಇದರಲ್ಲಿ ಮಣ್ಣು" ಅಂತ ಗೊಣಗುತ್ತಲೇ ಪೂರ್ತಿ ನೋಡುತ್ತಾರೆ. ಏಪ್ರಿಲ್‌ನಲ್ಲಿ ಐಪಿಎಲ್ ಬಂತೆಂದರೆ ಒಂದೇ ಟಿವಿ ಇರುವ ಮನೆಯಲ್ಲಿ ರಿಮೋಟ್ ಅವರ ಕೈಗೆ ಹೋಗುತ್ತದೆ. ಆಗ ನಮ್ಮ ಕಥೆ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದು ಒಂದೇ. ಸಂಜೆಯ ಧಾರಾವಾಹಿಯನ್ನು ಜನ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ.

ನಮ್ಮತ್ತೆ ತಿಪಟೂರಿನಲ್ಲಿದ್ದಾರೆ. ಅವರ ಧಾರಾವಾಹಿ ಬರುವ ಹೊತ್ತಿಗೆ ಅವರು ಮುದ್ದೆ ತಿರುವುತ್ತಿರುತ್ತಾರೆ, ಹಾಲ್‌ನಲ್ಲಿರುವ ಟಿವಿಗೆ ಬೆನ್ನು. ಆದರೂ ಯಾರು ಏನಂದರು, ಯಾವ ದನಿಯಲ್ಲಂದರು, ಎಲ್ಲ ಗೊತ್ತು. ಯಾರಾದರೂ ಚೀರಿದರೆ ಮಾತ್ರ ಮುದ್ದೆಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕಿ ಹೋಗುತ್ತಾರೆ. ನಮ್ಮ ಕ್ಯಾಮೆರಾದವರು ಟ್ರಾಲಿ ಹಾಕಿ, ಲೈಟ್ ಕಟ್ಟಿ ಪಟ್ಟ ಕಷ್ಟಕ್ಕೆ ಸಿಗುವುದು ಆ ನಾಲ್ಕು ಸೆಕೆಂಡು. ಅದು ಕ್ಯಾಮೆರಾದವರಿಗೆ ಮಾಡುವ ಅವಮಾನವೇನಲ್ಲ. ಕೆಲಸ ಮುಗಿಸಿ ಕೂತು ನೋಡುವಷ್ಟು ಪುರುಸೊತ್ತು ಆ ಹೊತ್ತಿನಲ್ಲಿ ಆ ಮನೆಯ ಹೆಂಗಸಿಗೆ ಯಾರು ಕೊಟ್ಟಿದ್ದಾರೆ?

ಅದಕ್ಕೇ ಎಡಿಟ್ ಆದ ಸಂಚಿಕೆಯನ್ನು ಒಂದು ಸಲ ಮಾನಿಟರಿಗೆ ಬೆನ್ನು ಹಾಕಿ ಕೇಳುತ್ತೇನೆ. ಎಡಿಟರ್ ಹುಡುಗರಿಗೆ ಈಗ ಅಭ್ಯಾಸವಾಗಿದೆ. ಇತ್ತೀಚೆಗೆ ಒಬ್ಬ ಹೊಸ ನಿರ್ದೇಶಕ ಒಂದು ದೃಶ್ಯ ತೆಗೆದು ತಂದಿದ್ದ. ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಸೊಸೆಗೆ ಒಡವೆ ಅಡವಿಟ್ಟ ಚೀಟಿ ಸಿಗುತ್ತದೆ. ಮಾತೇ ಇಲ್ಲ. ಬರೀ ಅವಳ ಮುಖ, ಫ್ಯಾನ್ ಗಾಳಿಗೆ ಅಲುಗುವ ಚೀಟಿ. ನೋಡುವುದಕ್ಕೆ ತುಂಬಾ ಚೆನ್ನಾಗಿತ್ತು. ಬೆನ್ನು ತಿರುಗಿಸಿ ಕೂತರೆ ಏನೂ ಇಲ್ಲ, ಪಿಟೀಲು ಮಾತ್ರ. ಅವನ ಧಾರಾವಾಹಿ ಇದ್ದದ್ದು ಏಳೂವರೆಗೆ.

ಕತ್ತರಿಸು ಅಂತ ನಾನು ಹೇಳಲಿಲ್ಲ. ಪಿಟೀಲು ತೆಗೆಸಿದೆ. ಹೊರಗಿನಿಂದ ಅತ್ತೆಯ ಒಂದು ಮಾತು ಸೇರಿಸಿದೆವು: "ನಾಡಿದ್ದು ಮದುವೆಗೆ ಆ ಎರಡೆಳೆ ಸರ ಹಾಕ್ಕೊಳ್ಳೇ, ಲಕ್ಷಣವಾಗಿರುತ್ತೆ." ಅಷ್ಟೇ. ಆಮೇಲೆ ಬೀರು ಬಾಗಿಲು ಮುಚ್ಚುವ ಸದ್ದು. ಮುದ್ದೆಕೋಲು ಅಲ್ಲೇ ನಿಲ್ಲುತ್ತದೆ, ನನಗೆ ಗ್ಯಾರಂಟಿ.

"ಒಂದೇ ವಿಷಯ ಎಷ್ಟು ಸಲ ಹೇಳ್ತೀರಿ?" ಅಂತ ಓದಿದವರೆಲ್ಲ ನನ್ನನ್ನು ಮದುವೆ ಮನೆಗಳಲ್ಲಿ ಹಿಡಿದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಜಾಹೀರಾತು, ಪ್ರೋಮೋ ಕಳೆದರೆ ನಮಗೆ ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಅದರಲ್ಲಿ ನಿನ್ನೆ ತಪ್ಪಿಸಿಕೊಂಡವರಿಗೆ ಒಂದು ಸಲ ಹೇಳಲೇಬೇಕು, ಅದಕ್ಕೆ ನನ್ನ ವಕಾಲತ್ತಿದೆ. ಒಂದು ಮಾತಿಗೆ ಮನೆಯ ಏಳು ಜನರ ಮುಖವನ್ನೂ ಗುಡುಗು ಸಿಡಿಲಿನ ಸಮೇತ ತೋರಿಸುವುದಕ್ಕೆ ಇಲ್ಲ. ಅದು ಬರೆಯುವವರಿಗೆ ಮಾತು ತೋಚದಿದ್ದಾಗ ನಿಮಿಷ ತುಂಬಿಸುವ ದಾರಿ, ಸುಮ್ನೆ.

ಇನ್ನೊಂದು ಪ್ರಶ್ನೆ, 'ಮಾಯಾಮೃಗ'ದ ಥರದ್ದು ಈಗ ಯಾಕೆ ಬರಲ್ಲ ಅಂತ. ಅದು ದೂರದರ್ಶನದಲ್ಲಿ ಶುರುವಾಗಿದ್ದು 1998ರಲ್ಲಿ. ಉದಯ ಟಿವಿ ಬಂದು ನಾಲ್ಕು ವರ್ಷವಾಗಿತ್ತು, ಈಟಿವಿ ಕನ್ನಡ ಇನ್ನೂ ಬಂದಿರಲಿಲ್ಲ. ಇವತ್ತು ಒಂದೇ ಹೊತ್ತಿಗೆ ನಾಲ್ಕು ಚಾನೆಲ್ಲು, ಕೈಯಲ್ಲಿ ಮೊಬೈಲು. ಈ ನೆಪ ನಾನೂ ಹೇಳುತ್ತೇನೆ. ಆದರೆ 'ಮಾಯಾಮೃಗ'ದ ನಿರ್ದೇಶಕರಲ್ಲೊಬ್ಬರಾದ ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯ ನೆನಪಿಸಿಕೊಳ್ಳಿ. ಕಪ್ಪು ಕೋಟು, ಮರದ ಕಟಕಟೆ, ಬೇರೇನಿರುತ್ತಿತ್ತು? ಜನ ಪಾಟೀಸವಾಲು ಕೇಳಲು ಕಾಯುತ್ತಿದ್ದರು. ಮಾತು ಬರೆಯುವವರಿಗೆ ನಾವು ಕೊಡುವ ಸಮಯ ಮತ್ತು ದುಡ್ಡು ಎರಡೂ ಕಡಿಮೆ. ಮನೆಯ ಸೆಟ್ಟಿಗೆ, ಸೀರೆಗೆ ಕೊಡುತ್ತೇವೆ. ಇದು ನಮ್ಮ ಉದ್ಯಮದ ಮೇಲಿನ ನನ್ನ ದೊಡ್ಡ ತಕರಾರು, ಮೀಟಿಂಗಿನಲ್ಲೂ ಹೇಳುತ್ತೇನೆ.

2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು, ಮೊದಲೇ ತೆಗೆದಿಟ್ಟುಕೊಂಡಿದ್ದ ಸಂಚಿಕೆಗಳು ಖಾಲಿಯಾದವು. ಆಗ ಸ್ಟಾರ್ ಸುವರ್ಣದಲ್ಲಿ ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ಜಗಳ ಹಳೆಯದು, ಅದರೊಳಗೆ ಈಗ ಹೋಗಲ್ಲ. ನಾನು ಗಮನಿಸಿದ್ದು ಬೇರೆ. ತುಟಿ ಒಂದು ಕಡೆ, ಮಾತು ಒಂದು ಕಡೆ. ನಮ್ಮತ್ತೆಗೆ ಅದು ಗೊತ್ತೇ ಆಗಲಿಲ್ಲ. ಶಕುನಿ ದನಿಯ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತಾಡಿದರು.

ತಮಾಷೆಯೆಂದರೆ ನಮ್ಮ ಹಣೆಬರಹ ಬರೆಯುವ ಮೀಟರಿಗೂ ಕಣ್ಣಿಲ್ಲ. ಟಿವಿ ರೇಟಿಂಗ್ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯವರು ಕೆಲವು ಮನೆಗಳಲ್ಲಿ ಇಟ್ಟಿರುವ ಪೆಟ್ಟಿಗೆ ಅದು. ಚಾನೆಲ್ಲಿನ ಶಬ್ದದೊಳಗೆ ಕಿವಿಗೆ ಬೀಳದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಕೇಳಿಸಿಕೊಂಡು ಯಾವ ಚಾನೆಲ್ ಅಂತ ಕಂಡುಹಿಡಿಯುತ್ತದೆ. ಮನೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದಕ್ಕೆ ಅವರವರ ಬಟನ್ ಒತ್ತಬೇಕು. ಎಷ್ಟು ಜನ ಎದ್ದುಹೋದರು ಅಂತ ಅಂಕಿ ಹೇಳುತ್ತದೆ. ಯಾಕೆ ಹೋದರು ಅಂತ ಕೇಳಿದರೆ ನಮ್ಮತ್ತೆಗೆ ಫೋನ್ ಮಾಡುವುದೇ ಒಳ್ಳೆಯದು.

ಹಾಗಾಗಿ ಕಥೆ ತರುವವರು ಫೋಟೊ ಅಂಟಿಸಿದ ಪಿಪಿಟಿ ಬಿಟ್ಟು ಬನ್ನಿ. ಹತ್ತು ಸಂಚಿಕೆಯ ಒನ್‌ಲೈನ್, ಅಂದರೆ ಕಥೆಯ ಚುಟುಕು ಸಾರ, ಇರಲಿ, ಮೂರು ದೃಶ್ಯಕ್ಕೆ ಪೂರ್ತಿ ಮಾತು ಬರೆದಿರಲಿ. ನೀವೇ ಓದಿ, ನಾನು ಕಣ್ಣುಮುಚ್ಚಿ ಕೇಳುತ್ತೇನೆ, ನಿದ್ದೆ ಅಂದುಕೊಳ್ಳಬೇಡಿ. ಗುರುವಾರ ಮಾತ್ರ ಬರಬೇಡಿ. ಅವತ್ತು ರೇಟಿಂಗ್ ಬರುತ್ತೆ, ನಾನು ಮನುಷ್ಯರ ಜೊತೆ ಮಾತಾಡುವ ಸ್ಥಿತಿಯಲ್ಲಿರಲ್ಲ.