ಮರೆತ ಮಗುವಿಗೆ ಮತ್ತೆ ನೆನಪಿಸುವುದೇಕೆ?

ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸವೆಂದು ತಿಳಿದವರು ಮೊದಲು ಕೇಳುವುದು ಇದನ್ನೇ: ಏಟು ತಿಂದು, ದೌರ್ಜನ್ಯಕ್ಕೆ ಸಿಕ್ಕಿ ಹೇಗೋ ಪಾರಾಗಿ ಬಂದ ಮಗುವಿನ ಬಾಯಿಂದ ನಡೆದದ್ದನ್ನೆಲ್ಲ ಮತ್ತೆ ಹೇಳಿಸುವುದೇಕೆ, ಅದರ ಪಾಡಿಗೆ ಬಿಟ್ಟರೆ ಮರೆಯುವುದಿಲ್ಲವೇ?

ಮರೆತಿದ್ದರೆ ನಾವು ಕೆದಕಬೇಕಾಗಿಯೇ ಇರಲಿಲ್ಲ. ಆದರೆ ಗೋಡೆಯ ಮೊಳೆಯಿಂದ ಯಾರೋ ಬೆಲ್ಟು ತೆಗೆದ ಸಪ್ಪಳಕ್ಕೆ ಮಂಚದ ಕೆಳಗೆ ಸೇರುವ, ಹಳೆಯ ಮನೆಯ ಮಾತು ಬಂದೊಡನೆ ಎದ್ದು ಹೋಗುವ ಮಗು ದಿನವಿಡೀ ನೆನಪಿನಿಂದ ತಪ್ಪಿಸಿಕೊಂಡು ಓಡಾಡುತ್ತಿರುತ್ತದೆ.

ಇಂತಹ ಮಕ್ಕಳಿಗಾಗಿ ಅಮೆರಿಕದ ಜೂಡಿತ್ ಕೋಹೆನ್, ಆಂಟನಿ ಮ್ಯಾನರಿನೊ ಮತ್ತು ಎಸ್ತರ್ ಡೆಬ್ಲಿಂಜರ್ ರೂಪಿಸಿದ ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆಯಲ್ಲಿ ನಡೆದದ್ದನ್ನು ಹೇಳಿಸುವುದು ಮೊದಲ ದಿನದ ಕೆಲಸವಲ್ಲ. 3ರಿಂದ 18 ವರ್ಷದವರಿಗೆ ಸಾಮಾನ್ಯವಾಗಿ 8ರಿಂದ 25 ಭೇಟಿಗಳಲ್ಲಿ ನಡೆಯುವ ಈ ಚಿಕಿತ್ಸೆಯ ಸುಮಾರು ಮೂರರಲ್ಲಿ ಒಂದು ಪಾಲು ಉಸಿರಾಟದ ಅಭ್ಯಾಸಕ್ಕೆ, ಮೈ ಸಡಿಲಿಸುವುದಕ್ಕೆ, ಭಾವನೆಗೊಂದು ಹೆಸರಿಟ್ಟು ಭಯ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳುವುದಕ್ಕೆ ಮೀಸಲು. ದೌರ್ಜನ್ಯದಲ್ಲಿ ಪಾಲಿಲ್ಲದ ತಾಯಿಯೋ ಅಜ್ಜಿಯೋ ಬೇರೆಯಾಗಿ ಕುಳಿತು ಇದನ್ನೇ ಕಲಿಯುತ್ತಾರೆ.

ಆಮೇಲಷ್ಟೇ, ಮಗು ನಡೆದದ್ದನ್ನು ಬರೆಯುವ ನೋಟ್‌ಬುಕ್ಕು ಹೊರಬರುವುದು. ಮೊದಲ ಪುಟದಲ್ಲಿ ಇಷ್ಟದ ತಿಂಡಿ, ಗೆಳೆಯರ ಹೆಸರು. ಮುಂದಿನ ಪುಟಗಳಲ್ಲಿ ಆ ದಿನ. ಬರೆಯುತ್ತಾ ಭಯ ಎಂಟಕ್ಕೇರಿದರೆ ಪೆನ್ಸಿಲು ಕೆಳಗಿಟ್ಟು ಉಸಿರಾಟ, ಮೂರಕ್ಕಿಳಿದ ಮೇಲೆ ಇನ್ನೊಂದು ಸಾಲು. ಹೀಗೆ ಸಾಗುವಾಗ ಎಲ್ಲೋ ಒಂದು ಕಡೆ, 'ನಾನು ಹಾಲು ಚೆಲ್ಲಿದ್ದಕ್ಕೆ ಅಪ್ಪ ಹೊಡೆದದ್ದು' ಎಂಬಂತಹ ಸಾಲು ಬಂದೇ ಬರುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ತಿರುಳಿರುವುದು ಅಲ್ಲಿಯೇ. 'ತಪ್ಪು ನಿನ್ನದಲ್ಲ' ಎಂದು ಥಟ್ಟನೆ ಹೇಳಿಬಿಡುವ ಆಸೆಯನ್ನು ತಡೆದುಕೊಂಡು, ನಿಮ್ಮ ತರಗತಿಯಲ್ಲಿ ಹಾಲು ಚೆಲ್ಲಿದವರು ಬೇರೆ ಯಾರಿದ್ದಾರೆ, ಅವರ ಮನೆಯಲ್ಲಿ ಏನು ಮಾಡಿದರು ಎಂದು ಕೇಳುತ್ತೇವೆ. 'ಒರೆಸಿದರು' ಎಂದು ಮಗು ಸುಮ್ಮನಾಗುತ್ತದೆ. ಆ ಮೌನದಲ್ಲಿ ನಾವೂ ಬಾಯಿ ಮುಚ್ಚಿಕೊಂಡಿರುವುದು ಈ ವೃತ್ತಿಯಲ್ಲಿ ಬಲು ತಡವಾಗಿ ಕೈಗೂಡುವ ವಿದ್ಯೆ. ಕೊನೆಯ ಭೇಟಿಗಳಲ್ಲಿ, ಕೇಳಲು ಗಟ್ಟಿಯಾಗಿರುವ ತಾಯಿಯೆದುರು ಮಗುವೇ ಆ ನೋಟ್‌ಬುಕ್ಕನ್ನು ಓದುತ್ತದೆ.

ಹೊಡೆದವನು ಈಗಲೂ ಅದೇ ಮನೆಯಲ್ಲಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಆ ಭಯ ಮಗುವನ್ನು ಕಾಯುತ್ತಿರುವ ಎಚ್ಚರ. ಅದನ್ನು ಇಳಿಸಲು ಹೊರಡುವ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಮಗುವಿನ ಸುರಕ್ಷತೆಯನ್ನು ನೋಡಬೇಕು. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ತಿಳಿಸುವುದು ನಮಗೂ ಕಡ್ಡಾಯ. ಹಾಗೆಂದು ನೋಟ್‌ಬುಕ್ಕನ್ನು ಸಾಕ್ಷಿ ಹೇಳಿಕೆಯಂತೆ ಬರೆಸಬಾರದು. ತಾರೀಖು, ಗಂಟೆಗಳಿಗಾಗಿ ಅದರಲ್ಲಿ ತಡಕಾಡತೊಡಗಿದರೆ ಮಗು ಮರುವಾರ ತುಟಿ ಬಿಚ್ಚುವುದಿಲ್ಲ.